ಗೇಟಿನೊಳಗೆ ಮೊಟ್ಟೆ, ಗೇಟಿನಾಚೆ ಐದು ರೂಪಾಯಿ ಪೊಟ್ಟಣ

(ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ ಬರೆದಿದ್ದಾರೆ: "ಮೊಟ್ಟೆ ಕೊಡುವ ದಿನವೂ ನನ್ನ ಮಗ ಬಿಸಿಯೂಟ ಅರ್ಧಕ್ಕೇ ಬಿಡುತ್ತಾನೆ. ಗೇಟಿನೆದುರಿನ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ತಿಂದೇ ಒಳಗೆ ಹೋಗಿರುತ್ತಾನೆ. ಕೇಳಿದರೆ ಎಲ್ಲರೂ ತಾಯಂದಿರನ್ನೇ ಬೈಯುತ್ತಾರೆ. ಇದಕ್ಕೊಂದು ಕಾನೂನು ಇಲ್ಲವೇ? ಅಂಗಡಿ ನಡೆಸುವಾಕೆಯೂ ಬಡವಿ, ಅವರ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸಿಲ್ಲ.")

ನಮಸ್ಕಾರ. ನಿಮ್ಮನ್ನು ಬೈದವರು ತಪ್ಪು ಮಾಡಿದ್ದಾರೆ. ಕಾನೂನು ಇದೆ, ಅದನ್ನು ಜಾರಿಗೆ ತರಬೇಕಾದವರೂ ಇದ್ದಾರೆ.

ಗೇಟಿನೊಳಗಿನ ತಟ್ಟೆ ಸುಮ್ಮನೆ ಬಂದದ್ದಲ್ಲ. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಮರುವರ್ಷ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಕೊನೆಗೆ, ದೊಡ್ಡ ವಿರೋಧದ ನಡುವೆಯೇ, ಮೊದಲಿಗೆ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಬಂತು. ಮೊಟ್ಟೆ ಬೇಕಾಗಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಶಾಲೆಗೆ ಕಾಲಿಡುವ ಮೊದಲೇ ನಮ್ಮ ಮಕ್ಕಳ ಸ್ಥಿತಿ ಇದು.

ಆ ಊಟದ ಸುರಕ್ಷತೆಗೂ ಕಟ್ಟುಪಾಡು ಇದೆ. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಇವತ್ತಿಗೂ ನೆನೆದರೆ ಕರುಳು ಹಿಂಡುತ್ತದೆ. ಮಧ್ಯಾಹ್ನದ ಊಟದ ಸರ್ಕಾರಿ ಮಾರ್ಗಸೂಚಿಯ ಪ್ರಕಾರ, ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿದಂತೆ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಲೇಬೇಕು. ನಿಮ್ಮ ಶಾಲೆಯಲ್ಲಿ ಇದು ದಿನವೂ ನಡೆಯುತ್ತಿದೆಯೇ, ಒಮ್ಮೆ ಅಡುಗೆ ಕೋಣೆಗೆ ಹೋಗಿ ನೋಡಿ. ಎಸ್‌ಡಿಎಂಸಿ ಸದಸ್ಯೆಯಾಗಿ ಅದು ನಿಮ್ಮ ಹಕ್ಕು.

ಇನ್ನು ಗೇಟಿನಾಚೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರಕ್ಕೆಂದೇ ನಿಯಮ ಹೊರಡಿಸಿತು. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿಗೇ ಆಗಲಿ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಅಂಥವುಗಳ ಜಾಹೀರಾತೂ ಅಲ್ಲಿರುವಂತಿಲ್ಲ. ಅಂದರೆ ನೀವು ಹೇಳಿದ ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಪೊಟ್ಟಣಗಳಲ್ಲಿ ಬಹುಪಾಲು ಅಲ್ಲಿರಲೇಬಾರದು.

ಆದರೂ ಇವೆ. ಕಾರಣ, ಯಾವುದರಲ್ಲಿ ಉಪ್ಪು ಅತಿಯಾಗಿದೆ ಎಂದು ಅಂಗಡಿಯಾಕೆ ಹೇಗೆ ತಿಳಿಯಬೇಕು? ಲೆಕ್ಕವೆಲ್ಲ ಪೊಟ್ಟಣದ ಬೆನ್ನಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಇರುತ್ತದೆ. ಚಿಲಿ ದೇಶ 2016ರಿಂದ ಇಂಥ ಪೊಟ್ಟಣದ ಮುಖದ ಮೇಲೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಗುರುತು ಒತ್ತಿಸುತ್ತಿದೆ. ಓದು ಬಾರದ ಮಗುವಿಗೂ ಅದು ತಿಳಿಯುತ್ತದೆ. ನಮ್ಮಲ್ಲಿ ಅದೇ ಪ್ರಾಧಿಕಾರ 2022ರಲ್ಲಿ ತಂದ ಕರಡು ನಿಯಮ ಎಚ್ಚರಿಕೆಯ ಬದಲು, ತಿನಿಸು ಎಷ್ಟು ಒಳ್ಳೆಯದೆಂದು ನಕ್ಷತ್ರ ಕೊಡುವ ದಾರಿ ಹಿಡಿಯಿತು. ಇದನ್ನು ನಾನು ಒಪ್ಪುವುದಿಲ್ಲ. ಅಪಾಯ ಇರುವಲ್ಲಿ ಅಪಾಯ ಎಂದೇ ಬರೆಯಬೇಕು, ಅದೂ ಕನ್ನಡದಲ್ಲಿ, ಮತ್ತು ಬರೆಯುವ ಹೊಣೆ ಕಂಪನಿಯದಾಗಬೇಕು. 2024ರಲ್ಲಿ ನಮ್ಮ ಸರ್ಕಾರ ಬಣ್ಣದ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ ನಿಷೇಧಿಸಿದ್ದು ಸರಿಯೇ. ಆದರೆ ಗಾಡಿಯವನ ಮೇಲೆ ತೋರಿದ ಬಿಗಿ ಕಾರ್ಖಾನೆಯ ಪೊಟ್ಟಣದ ಮೇಲೂ ಕಾಣಬೇಕು.

ನೀವೀಗ ಮಾಡಬಹುದಾದದ್ದು: ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ 50 ಮೀಟರ್ ನಿಯಮವನ್ನು ನಡಾವಳಿಯಲ್ಲಿ ಬರೆಸಿ, ಗೇಟಿನ ಬಳಿ ಫಲಕ ಹಾಕಿಸಿ. ಫಲಕ ಹಾಕುವುದು ಆ ನಿಯಮದ ಪ್ರಕಾರ ಶಾಲೆಯ ಕರ್ತವ್ಯವೇ. ನಡಾವಳಿಯ ಪ್ರತಿಯನ್ನು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೂ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಂಗಡಿಯಾಕೆಯ ಬಗ್ಗೆ ನಿಮಗಿರುವ ಕಾಳಜಿ ನನಗೆ ತುಂಬಾ ಹಿಡಿಸಿತು. ದೂರು ಕೊಡುವ ಮೊದಲು ನಾಲ್ಕು ಜನ ತಾಯಂದಿರು ಅವರ ಬಳಿ ಹೋಗಿ ಮಾತಾಡಿ. ಹುರಿದ ಶೇಂಗಾ, ಪುಟಾಣಿ, ಚುರುಮುರಿ, ಬಾಳೆಹಣ್ಣು ಇಟ್ಟರೆ ನಾವೇ ಕೊಳ್ಳುತ್ತೇವೆ ಎಂದು ಮಾತು ಕೊಡಿ, ಕೊಟ್ಟ ಮಾತಿನಂತೆ ಕೊಳ್ಳಿ. ಅಧಿಕಾರಿಗಳಿಂದ ಬಂದ ಉತ್ತರವನ್ನು ನಮಗೆ ಕಳುಹಿಸಿ. ಬಾರದಿದ್ದರೆ ಅದನ್ನೂ ತಿಳಿಸಿ. ಎರಡನ್ನೂ ಪ್ರಕಟಿಸುತ್ತೇವೆ.

– ಸಂಪಾದಕ