ಕ್ಯಾಮೆರಾದ ಹಿಂದೆ ಆಟ ಬಲ್ಲವರು ಬೇಕು

ಕುಮಟಾದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಬರೆಯುತ್ತಾರೆ: "ಪ್ಯಾರಿಸ್ ಒಲಿಂಪಿಕ್ಸ್‌ನ ಭರ್ಚಿ ಎಸೆತದ ಫೈನಲ್ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ನೀರಜ್ ಚೋಪ್ರಾ ಎಸೆತಕ್ಕೆ ಸಿದ್ಧನಾಗುವ ಹೊತ್ತಿಗೆ ಚಿತ್ರ ಮತ್ತೆ ಮತ್ತೆ ಬೇರೆ ಸ್ಪರ್ಧೆಗೆ ಹೋಗುತ್ತಿತ್ತು. ಕ್ಯಾಮೆರಾ ಹಿಡಿದವರು ವಿದೇಶಿಯರಾದ್ದರಿಂದ ನಮ್ಮವರನ್ನು ಕಡೆಗಣಿಸುತ್ತಾರೆಂಬುದು ನನ್ನ ಬಲವಾದ ಅನುಮಾನ. ನಮ್ಮ ವಾಹಿನಿಗಳೇ ಕ್ಯಾಮೆರಾ ಒಯ್ದು ನಮ್ಮ ಆಟಗಾರರನ್ನಷ್ಟೇ ತೋರಿಸಿದರೆ ಆಗದೇ? ಮೂವತ್ತು ವರ್ಷ ಮಕ್ಕಳಿಗೆ ಖೋ ಖೋ ಕಲಿಸಿ, ಪ್ರತಿ ಪಂದ್ಯದ ಚಿತ್ರ ಬರೆದು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡ ನನಗೆ ಇಷ್ಟು ಕೇಳುವ ಹಕ್ಕಿದೆ ಎಂದುಕೊಂಡಿದ್ದೇನೆ."

ಪ್ರಿಯ ಮಾಸ್ತರರೇ,

ಹಕ್ಕು ಖಂಡಿತ ಇದೆ. 2024ರ ಆಗಸ್ಟ್ 8ರ ಆ ರಾತ್ರಿ ಶಿರಸಿಯಲ್ಲಿ ನಾನೂ ಎಚ್ಚರವಿದ್ದೆ. ನಮ್ಮ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಆರಂಭವಾದ ಆ ಸ್ಪರ್ಧೆಯಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದರು. ನೀರಜ್ ಆರು ಯತ್ನಗಳಲ್ಲಿ ಐದನ್ನು ಫೌಲ್ ಮಾಡಿಕೊಂಡು, ಉಳಿದ ಒಂದರಲ್ಲೇ 89.45 ಮೀಟರ್ ತಲುಪಿ ಬೆಳ್ಳಿ ಪಡೆದರು. ಅಂಥ ರಾತ್ರಿಯಲ್ಲಿ ಒಂದೇ ಒಂದು ಎಸೆತ ಕಣ್ತಪ್ಪಿದರೂ ಹೊಟ್ಟೆ ಉರಿಯುವುದು ಸಹಜ. ಆದರೆ ನಿಮ್ಮ ಸಿಟ್ಟು ಹೋಗಿ ಸೇರಿದ ವಿಳಾಸ ಮಾತ್ರ ತಪ್ಪು ಎಂದು ಹೇಳುವುದು ನನ್ನ ಕರ್ತವ್ಯವಾಗಿದೆ.

ಒಲಿಂಪಿಕ್ಸ್‌ನ ಚಿತ್ರಗಳನ್ನು ತೆಗೆಯುವುದು ಯಾವುದೋ ಒಂದು ದೇಶದ ವಾಹಿನಿಯಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2001ರಲ್ಲಿ ಸ್ಥಾಪಿಸಿದ, ಮ್ಯಾಡ್ರಿಡ್‌ನಲ್ಲಿ ಕಚೇರಿಯಿರುವ ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವಿಸಸ್ ಎಂಬ ಸಂಸ್ಥೆಗೆ ಆ ಹೊಣೆ ಇದೆ. ಅದು ಸಿದ್ಧಪಡಿಸುವ ಚಿತ್ರಧಾರೆಯಲ್ಲಿ ಮೈದಾನದ ಸದ್ದು ಇರುತ್ತದೆ, ಆಟಗಾರರ ಹೆಸರು ಮತ್ತು ಅಂಕಗಳಿರುತ್ತವೆ, ಆದರೆ ಮಾತು ಇರುವುದಿಲ್ಲ. ಹಣ ತೆತ್ತು ಪ್ರಸಾರದ ಹಕ್ಕು ಪಡೆದ ಪ್ರತಿ ದೇಶದ ವಾಹಿನಿಯೂ ಆ ಚಿತ್ರಕ್ಕೆ ತನ್ನ ಭಾಷೆಯ ವಿವರಣೆಯನ್ನೂ ತನ್ನ ಜಾಹೀರಾತುಗಳನ್ನೂ ಸೇರಿಸಿಕೊಳ್ಳುತ್ತದೆ. ಪ್ಯಾರಿಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ದುಡಿದು ಹನ್ನೊಂದು ಸಾವಿರ ಗಂಟೆಗೂ ಮೀರಿದ ಚಿತ್ರಸಾಮಗ್ರಿ ಸಿದ್ಧವಾಯಿತು. ಈ ಧಾರೆಯ ಮೊದಲ ನಿಯಮವೇ ಯಾರ ಪಕ್ಷವನ್ನೂ ವಹಿಸಬಾರದು ಎಂಬುದು.

ಆ ರಾತ್ರಿ ಅದೇ ಕ್ರೀಡಾಂಗಣದಲ್ಲಿ ಪುರುಷರ 200 ಮೀಟರ್ ಓಟ, 110 ಮೀಟರ್ ಹರ್ಡಲ್ಸ್, ಮಹಿಳೆಯರ 400 ಮೀಟರ್ ಹರ್ಡಲ್ಸ್ ಮತ್ತು ಉದ್ದ ಜಿಗಿತದ ಫೈನಲ್‌ಗಳೂ ನಡೆದವು. ಎಲ್ಲವನ್ನೂ ಹೆಣೆದ ಒಂದು ಮುಖ್ಯ ಧಾರೆಯೊಂದಿಗೆ ಎಸೆತಗಳಿಗೆ, ಜಿಗಿತಗಳಿಗೆ ಪ್ರತ್ಯೇಕ ಧಾರೆಗಳನ್ನೂ ಕೊಡುವುದು ಅಥ್ಲೆಟಿಕ್ಸ್‌ನಲ್ಲಿ ರೂಢಿ. ಜಾವೆಲಿನ್ ಒಂದನ್ನೇ ಮೊದಲಿಂದ ಕೊನೆಯವರೆಗೆ ತೋರಿಸಬೇಕೋ, ಹೆಣೆದ ಧಾರೆಯನ್ನೇ ಹಾಕಬೇಕೋ, ನಡುವೆ ಜಾಹೀರಾತಿಗೆ ಹೋಗಬೇಕೋ ಎಂಬುದನ್ನು ನಿರ್ಧರಿಸುವವರು ಆಯಾ ದೇಶದ ವಾಹಿನಿಯ ಸ್ಟುಡಿಯೊದಲ್ಲಿ ಕುಳಿತಿರುತ್ತಾರೆ. ಹಾಗಾಗಿ ನೀವು ವಿದೇಶಿಯರ ಮೇಲೆ ಹೊರಿಸಿದ ತಪ್ಪಿನ ಬಹುಪಾಲು ನಮ್ಮ ಮನೆಯಂಗಳದ್ದು.

ವಿಶ್ವಕ್ಕೆಲ್ಲ ಹಂಚುವ ಚಿತ್ರ ಸದಾ ನಿಷ್ಕಳಂಕ ಎಂದು ನಾನು ವಾದಿಸಲಾರೆ. 2008ರ ಬೀಜಿಂಗ್ ಉದ್ಘಾಟನೆಯಲ್ಲಿ ಆಕಾಶದಲ್ಲಿ ಹೆಜ್ಜೆ ಇಟ್ಟಂತೆ ಸಿಡಿದ ಬಾಣಬಿರುಸುಗಳಲ್ಲಿ ನಾವು ಟಿ.ವಿ.ಯಲ್ಲಿ ಕಂಡ ಭಾಗ ಮೊದಲೇ ಕಂಪ್ಯೂಟರಿನಲ್ಲಿ ರಚಿಸಿಟ್ಟದ್ದು. ನಿಮ್ಮ ಅನುಮಾನಕ್ಕೆ ಅಷ್ಟರಮಟ್ಟಿಗೆ ಆಧಾರವಿದೆ ಎಂದು ಒಪ್ಪಿ ಮುಂದಕ್ಕೆ ಹೋಗುತ್ತೇನೆ.

ಏಕೆಂದರೆ ನನ್ನ ಮನಸ್ಸು ಇರುವುದು ಬೇರೆ ಕಡೆ. ಒಲಿಂಪಿಕ್ಸ್‌ನ ಎಲ್ಲ ಆಟಗಳನ್ನು ಒಂದೇ ತಂಡ ಚಿತ್ರೀಕರಿಸುವುದಿಲ್ಲ. ಯಾವ ದೇಶದವರಿಗೆ ಯಾವ ಆಟ ಚೆನ್ನಾಗಿ ಗೊತ್ತೋ ಆ ದೇಶದ ತಂಡಕ್ಕೆ ಆ ಆಟವನ್ನು ಒಪ್ಪಿಸುವ ಪದ್ಧತಿ ಅಲ್ಲಿದೆ. ಟೇಬಲ್ ಟೆನಿಸ್ ಚೀನಾದ ತಂಡಕ್ಕೆ ಹೋಗುತ್ತದೆ. ಅಥ್ಲೆಟಿಕ್ಸ್‌ನ ಹೊಣೆಯನ್ನು ಲಂಡನ್ ಮತ್ತು ರಿಯೊ ಸೇರಿ ಹಲವು ಒಲಿಂಪಿಕ್ಸ್‌ಗಳಲ್ಲಿ ಹೊತ್ತದ್ದು ಫಿನ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಅರವತ್ತು ಲಕ್ಷ ಜನರೂ ಇಲ್ಲದ ಆ ದೇಶ ಪುರುಷರ ಜಾವೆಲಿನ್ ಒಂದರಲ್ಲೇ ಏಳು ಒಲಿಂಪಿಕ್ ಚಿನ್ನ ಗೆದ್ದಿದೆ. ಅಲ್ಲಿನ ಕ್ಯಾಮೆರಾದವನಿಗೆ ಎಸೆಯುವವನ ಕೊನೆಯ ಅಡ್ಡ ಹೆಜ್ಜೆಗಳು ಗೊತ್ತು, ಎಡಗಾಲು ಊರುವ ಕ್ಷಣ ಗೊತ್ತು, ಈಟಿ ಕೈಬಿಟ್ಟ ಮೇಲೆ ಎಷ್ಟು ಹೊತ್ತು ಅದರ ಹಿಂದೆ ಹೋಗಬೇಕು ಮತ್ತು ಯಾವಾಗ ಎಸೆದವನ ಮುಖಕ್ಕೆ ಮರಳಬೇಕು ಎಂಬುದು ಗೊತ್ತು. ಬಾಲ್ಯದಿಂದ ನೋಡಿ ನೋಡಿ ಕಣ್ಣಿಗೆ ಅಂಟಿದ ವಿದ್ಯೆ ಅದು. ಇಂಥವರ ಕೈಯಲ್ಲಿ ಕ್ಯಾಮೆರಾ ಇರುವಾಗ ಎಸೆಯುವವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಮುಖ್ಯವಾಗುವುದಿಲ್ಲ. ನೀರಜನ ಎಸೆತವನ್ನು ನಾವು ಅಷ್ಟು ಸ್ಫುಟವಾಗಿ ಕಾಣುವಂತಾದುದರಲ್ಲಿ ಇಂಥ ವಿದ್ಯೆಯ ಪಾಲು ದೊಡ್ಡದು.

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಲು ಯಕ್ಷಗಾನಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ಮೈದಾನದ ಹೊರಗೆ ನಿಲ್ಲುವ, ಓಬಿ ವ್ಯಾನ್ ಎಂದು ಕರೆಯುವ ಪ್ರಸಾರ ವಾಹನದೊಳಗೆ ಹತ್ತಾರು ಪರದೆಗಳ ಎದುರು ಕುಳಿತ ನಿರ್ದೇಶಕನು ಭಾಗವತನಿದ್ದಂತೆ. ಪ್ರತಿ ಕ್ಯಾಮೆರಾದ ಚಿತ್ರವೂ ಅವನ ಎದುರಿಗಿದೆ, ಪ್ರತಿ ಕ್ಯಾಮೆರಾದವನ ಕಿವಿಯಲ್ಲೂ ಅವನ ಧ್ವನಿ ಇದೆ. ಮೂರನೆಯ ಕ್ಯಾಮೆರಾ ಎಂದು ಅವನು ಹೇಳಿದ ಮರುಕ್ಷಣ ಲೋಕಕ್ಕೆಲ್ಲ ಮೂರನೆಯ ಕ್ಯಾಮೆರಾದ ಚಿತ್ರ ಕಾಣುತ್ತದೆ. ಪಕ್ಕದಲ್ಲಿ ಮರುಪ್ರದರ್ಶನದವರು ಈಗಷ್ಟೇ ನಡೆದದ್ದನ್ನು ನಿಧಾನಗತಿಯಲ್ಲಿ ಸಿದ್ಧಮಾಡಿಕೊಂಡು ಅವನ ಅಪ್ಪಣೆಗಾಗಿ ಕಾಯುತ್ತಿರುತ್ತಾರೆ. ಪ್ರಸಂಗ ತಿಳಿಯದ ಭಾಗವತನು ವೇಷಧಾರಿ ಕುಣಿತದ ಏರಿನಲ್ಲಿರುವಾಗಲೇ ಪದ ನಿಲ್ಲಿಸಿಬಿಟ್ಟರೆ ರಂಗದ ಗತಿ ಏನಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಆಟ ತಿಳಿಯದ ನಿರ್ದೇಶಕನು ಮರುಪ್ರದರ್ಶನ ತೋರಿಸುತ್ತಿರುವಾಗಲೇ ಮುಂದಿನ ಗೋಲು ಆಗಿಹೋಗುವುದೂ ಅದೇ ಬಗೆಯ ಅಪರಾಧ.

ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಆಟದ ಅರ್ಥವೇ ಬದಲಾಗುತ್ತದೆ. ಕ್ರಿಕೆಟ್ ಪ್ರಸಾರದಲ್ಲಿ ಮುಖ್ಯ ಕ್ಯಾಮೆರಾ ಒಂದೇ ತುದಿಯಲ್ಲಿದ್ದ ಕಾಲದಲ್ಲಿ ಪ್ರತಿ ಎರಡನೆಯ ಓವರಿನಲ್ಲಿ ನೋಡುಗನಿಗೆ ಕಾಣುತ್ತಿದ್ದದ್ದು ಬ್ಯಾಟ್ಸ್‌ಮನ್ನನ ಬೆನ್ನು. ಆಸ್ಟ್ರೇಲಿಯಾದ ಕೆರಿ ಪ್ಯಾಕರ್ 1977ರಲ್ಲಿ ಆರಂಭಿಸಿದ ಸರಣಿಯಲ್ಲಿ ಎರಡೂ ತುದಿಗೆ ಕ್ಯಾಮೆರಾ ಇಟ್ಟ ಮೇಲೆ ಪ್ರತಿ ಚೆಂಡನ್ನೂ ಬೌಲರನ ಹಿಂದಿನಿಂದ ನೋಡುವ ಭಾಗ್ಯ ಬಂತು. ಇನ್ನು ಕ್ಯಾಮೆರಾವೇ ಇಲ್ಲದಿದ್ದರೆ? 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಾಗ ಕಪಿಲ್ ದೇವ್ ಔಟಾಗದೆ ಹೊಡೆದ 175 ರನ್ನುಗಳನ್ನು ಮೈದಾನದಲ್ಲಿ ಇದ್ದವರ ಹೊರತು ಯಾರೂ ನೋಡಲಿಲ್ಲ. ಅಂದು ಅಲ್ಲಿ ಟಿ.ವಿ. ಕ್ಯಾಮೆರಾ ಇರಲಿಲ್ಲ.

ನನ್ನದೊಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಶಿರಸಿ ಸಮೀಪದ ಊರೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಿತ್ತು. ಸ್ಥಳೀಯ ಕೇಬಲ್‌ನವರು ನೇರಪ್ರಸಾರಕ್ಕೆ ಬಂದಿದ್ದರು. ಫೈನಲ್‌ನ ಕೊನೆಯ ನಿಮಿಷದಲ್ಲಿ, ಎರಡೂ ತಂಡಗಳ ಅಂಕ ಸಮವಾಗಿದ್ದಾಗ, ಅಂಕೋಲೆಯ ಹುಡುಗನೊಬ್ಬ ರೈಡಿಗೆ ಹೋಗಿ, ಮೂವರು ಹಿಡಿದವರನ್ನು ಎಳೆದುಕೊಂಡೇ ನಡುಗೆರೆಗೆ ಬೆರಳು ಮುಟ್ಟಿಸಿದ. ಅಲ್ಲಿದ್ದ ಜನರ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಮನೆಯಲ್ಲಿ ಕುಳಿತು ನೋಡುತ್ತಿದ್ದ ಅವನ ತಾಯಿಗೆ ಮಾತ್ರ ಅದು ಕಾಣಲಿಲ್ಲ, ಏಕೆಂದರೆ ಇದ್ದೊಂದು ಕ್ಯಾಮೆರಾ ಆಗ ವೇದಿಕೆಯ ಮೇಲೆ ತಡವಾಗಿ ಬಂದ ಅತಿಥಿಗೆ ಹಾರ ಹಾಕುವುದನ್ನು ತೋರಿಸುತ್ತಿತ್ತು. ಕ್ಯಾಮೆರಾ ಹಿಡಿದ ಹುಡುಗನನ್ನು ನಾನು ದೂರುವುದಿಲ್ಲ. ಮದುವೆ ಮನೆಯಲ್ಲಿ ಕಲಿತ ಕೆಲಸವನ್ನೇ ಅವನು ಮೈದಾನದಲ್ಲೂ ಮಾಡಿದ. ಬೇರೆಯದನ್ನು ಅವನಿಗೆ ಕಲಿಸಿದವರು ಯಾರು?

ಖಾಸಗಿ ವಾಹಿನಿಗಳ ಹಣದಿಂದ ಒಳಿತಾಗಿಲ್ಲ ಎನ್ನಲಾಗದು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಬೋನಸ್ ಗೆರೆಯ ಮೇಲೆ ಗಾಳಿಯಲ್ಲಿ ತೇಲುವ ಪಾದವನ್ನು ಹಳ್ಳಿಯ ಮಕ್ಕಳೂ ಕಂಡರು. ಆದರೆ ಅದೇ ಹಣ ನಮ್ಮಿಂದ ಕಸಿದುಕೊಂಡದ್ದನ್ನೂ ಲೆಕ್ಕ ಹಾಕಬೇಕಲ್ಲವೇ? ಓವರ್ ಮುಗಿಯುವ ಮೊದಲೇ ಜಾಹೀರಾತು ನುಗ್ಗುತ್ತದೆ. ಮರಳಿ ಬರುವಷ್ಟರಲ್ಲಿ ನಾಯಕ ಯಾರನ್ನು ಎಲ್ಲಿಗೆ ಸರಿಸಿದನೆಂಬುದು ತಿಳಿಯದೆ, ಆಟದ ಅರ್ಧ ಬುದ್ಧಿ ನಮ್ಮಿಂದ ಮರೆಯಾಗಿರುತ್ತದೆ. ಕನ್ನಡದಲ್ಲಿ ವಿವರಣೆ ಬರುತ್ತಿರುವುದು ಸಂತೋಷದ ಸಂಗತಿಯೇ, ಆದರೆ ವಿವರಣೆಕಾರರನ್ನು ದೂರದ ಸ್ಟುಡಿಯೊದಲ್ಲಿ ಕೂರಿಸಿ, ನಾವು ನೋಡುತ್ತಿರುವ ಚಿತ್ರವನ್ನೇ ಅವರಿಗೂ ತೋರಿಸಿ ಮಾತಾಡಿಸಿದರೆ ಅವರಾದರೂ ಹೊಸದೇನು ಹೇಳಿಯಾರು? ಆಕಾಶವಾಣಿಯ ವಿವರಣೆಕಾರ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನೂ ಹೇಳುತ್ತಿದ್ದುದು ಅವನು ಮೈದಾನದಲ್ಲಿ ಇದ್ದುದರಿಂದ.

ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿಯೇ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಚಿತ್ರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಲ್ಲಿ ಬಂತು. ಆ ಚಿತ್ರ ದೂರದರ್ಶನದ ಭೂಪ್ರಸಾರಕ್ಕೂ ಅದರದೇ ಉಚಿತ ಡಿಶ್‌ಗೂ ಮಾತ್ರ ಸೀಮಿತ, ಕೇಬಲ್‌ನವರಿಗೆ ಅಲ್ಲ ಎಂದು 2017ರಲ್ಲಿ ತೀರ್ಪಾಯಿತು. ಚಿತ್ರ ಯಾರಿಗೆ ಸೇರಿದ್ದು ಎಂಬುದರ ಬಗ್ಗೆ ಇಷ್ಟೆಲ್ಲ ವ್ಯಾಜ್ಯ ನಡೆದ ದೇಶದಲ್ಲಿ, ಚಿತ್ರವನ್ನು ಚೆನ್ನಾಗಿ ತೆಗೆಯುವವರನ್ನು ಬೆಳೆಸುವ ಬಗ್ಗೆ ಯಾರೂ ಹೋರಾಡಿದ್ದನ್ನು ನಾನು ಕಾಣೆ. ಹಳಿಯಾಳದ ಕುಸ್ತಿ ಅಖಾಡದಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳಿಗೆ ಕ್ಯಾಮೆರಾ ಕಲಿಸಿದರೆ ಪಟ್ಟು ಎಲ್ಲಿ ಬೀಳುತ್ತದೆಂದು ಅದು ಬೀಳುವ ಮೊದಲೇ ಅವಳು ಬಲ್ಲಳು. ನಮ್ಮ ಪತ್ರಿಕೋದ್ಯಮ ತರಗತಿಗಳಲ್ಲಿ ಇಂಥವರಿಗೆ ಒಂದು ಬೆಂಚು ಮೀಸಲಿಡಬೇಕೆಂದು ನಾನು ಬರೆಯುತ್ತಲೇ ಬಂದಿದ್ದೇನೆ.

ಆದ್ದರಿಂದ, ಮಾಸ್ತರರೇ, ನಮ್ಮ ಆಟಗಾರರನ್ನಷ್ಟೇ ತೋರಿಸುವ ಕ್ಯಾಮೆರಾ ಬೇಕೆಂಬ ನಿಮ್ಮ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಅರ್ಷದ್‌ನ ಎಸೆತವನ್ನು ಬಿಟ್ಟರೆ ನೀರಜನ ಬೆಳ್ಳಿಯ ತೂಕ ನಮಗೆ ತಿಳಿಯುವುದಾದರೂ ಹೇಗೆ? ಮೂವತ್ತು ವರ್ಷ ಮಕ್ಕಳಿಗೆ ಎದುರಾಳಿಯ ಕಾಲನ್ನು ನೋಡಿ ಎಂದು ಕಲಿಸಿದ ನೀವು ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಸಿಟ್ಟಿನಲ್ಲಿ ಮರೆತಿದ್ದೀರಿ, ಅಷ್ಟೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೋಟ್‌ಬುಕ್. ಕಂಬಕ್ಕೆ ಹಾರುವ ಆಟಗಾರನನ್ನು ಯಾವ ಬದಿಯಿಂದ ನೋಡಿದರೆ ಕೈ ತಾಗಿದ್ದು ಕಾಣುತ್ತದೆ, ಖೋ ಕೊಡುವಾಗ ಕಣ್ಣು ಎಲ್ಲಿರಬೇಕು ಎಂಬುದೆಲ್ಲ ಅದರಲ್ಲಿ ಇರಲೇಬೇಕು. ಕುಮಟಾದಿಂದ ಶಿರಸಿಗೆ ಬರುವ ಯಾರ ಕೈಯಲ್ಲಾದರೂ ಅದನ್ನು ಕಳುಹಿಸಿಕೊಡಿ. ಖೋ ಖೋ ಪಂದ್ಯವನ್ನು ಚಿತ್ರೀಕರಿಸುವುದು ಹೇಗೆ ಎಂದು ನಮ್ಮ ಕೇಬಲ್ ಹುಡುಗರಿಗಾಗಿ ನೀವೇ ಬರೆಯಿರಿ. ರೇಖಾಚಿತ್ರಗಳ ಸಮೇತ ನಾಲ್ಕು ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಬಿಟ್ಟಿರುತ್ತೇನೆ.

ಸಂಪಾದಕ