ಹಗುರ ರಾಡ್ ಹಿಡಿದು ಮತ್ತೆ ಕಡಲ ದಂಡೆಗೆ: ಮೀನು ಅಷ್ಟು ಹತ್ತಿರ ಬರುತ್ತದೆಯೇ?

ಹಿಂದೆ 13 ಅಡಿಯ ರಾಡಿಗೆ 150 ಗ್ರಾಂ ಸೀಸ ಕಟ್ಟಿ ದಂಡೆಯಿಂದ ಗಾಳ ಎಸೆಯುತ್ತಿದ್ದಿರಿ, ಭುಜದ ನೋವಿನಿಂದ ಬಿಟ್ಟುಬಿಟ್ಟಿರಿ, ಈಗ ಹಗುರವಾದ ಸಲಕರಣೆಯೊಂದಿಗೆ ಮರಳಬೇಕೆಂದಿದ್ದೀರಿ ಎಂದು ಬರೆದಿದ್ದೀರಿ. ಅಷ್ಟು ಸಮೀಪಕ್ಕೆ ಮೀನು ಬರುತ್ತದೆಯೇ, ಏನೇನು ಕೊಳ್ಳಬೇಕು, ಮನೆಯಲ್ಲಿರುವ ಹಳೆಯ ರೀಲು ನಡೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನೂ ಭಾರದ ರಾಡಿನಿಂದ ಹಗುರದ ರಾಡಿಗೆ ಇಳಿದವನೇ. ಮೊದಲನೆಯ ಪ್ರಶ್ನೆಗೆ ಉತ್ತರ ಮನಸ್ಸಿಗೆ ಒಪ್ಪಿಗೆಯಾದರೆ ಉಳಿದೆರಡು ತಾವಾಗಿಯೇ ಸಣ್ಣವಾಗುತ್ತವೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಬರುತ್ತದೆ. ಎಷ್ಟೋ ಸಲ ನೀವು ನಿಂತ ಜಾಗಕ್ಕೇ ಬರುತ್ತದೆ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು ನಿಂತು ಅದನ್ನು ಓಡಿಸುವವರು ನಾವೇ. ಮರಳಿನ ದಂಡೆಯ ತಳ ಒಂದೇ ಸಮನೆ ಇಳಿಜಾರಾಗಿರುವುದು ಅಪರೂಪ. ಸಾಮಾನ್ಯವಾಗಿ ಸ್ವಲ್ಪ ದೂರದಲ್ಲಿ ದಡಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿ ಒಂದು ಮರಳುದಿಬ್ಬ ಇರುತ್ತದೆ, ಆ ದಿಬ್ಬಕ್ಕೂ ದಡಕ್ಕೂ ನಡುವೆ ಆಳವಾದ ಒಂದು ಕಾಲುವೆ. ಅಲೆ ದಿಬ್ಬದ ಮೇಲೆ ಒಮ್ಮೆ ಒಡೆಯುತ್ತದೆ, ಕಾಲುವೆಯ ಮೇಲೆ ಬರುತ್ತಲೇ ತಗ್ಗುತ್ತದೆ, ದಡದ ಅಂಚಿನಲ್ಲಿ ಮತ್ತೆ ಒಡೆದು ಮರಳನ್ನು ಬಗೆಯುತ್ತದೆ. ಹಾಗೆ ಬಗೆದಾಗ ಹುಳು, ಚಿಪ್ಪಿನ ಮರಿ, ಮರಳಿನಲ್ಲಿ ಹುದುಗಿದ್ದ ಪುಟ್ಟ ಏಡಿ ಎಲ್ಲವೂ ಮೇಲೆ ಬೀಳುತ್ತವೆ. ಹೊಲ ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿಗಳು ಬರುವಂತೆ ಮೀನು ಆ ಅಲೆಯ ಹಿಂದೆ ಬರುತ್ತದೆ. ಮರಳಿನ ಮೇಲೆ ಮೇಯುವ ಕಾಣೆಯಂಥ ಮೀನಿಗೂ, ಅಂಥ ಮೀನನ್ನು ಅಟ್ಟಿಕೊಂಡು ಬರುವ ದೊಡ್ಡದಕ್ಕೂ ಈ ಕಾಲುವೆಯೇ ದಾರಿ. ದೊಡ್ಡ ರಾಡಿನಿಂದ ನೂರು ಮೀಟರು ಎಸೆಯುವಾಗ ನಾವು ಬಹಳಷ್ಟು ಸಲ ಈ ದಾರಿಯನ್ನೇ ದಾಟಿ ಆಚೆ ಎಸೆಯುತ್ತಿದ್ದೆವು. ದೂರದ ಎಸೆತ ನೋಡಲು ಚೆಂದ, ಎಸೆದವನಿಗೆ ಸಮಾಧಾನ. ಮೀನಿಗೆ ಮಾತ್ರ ಅದರಿಂದ ಏನೂ ಆಗಬೇಕಾದ್ದಿಲ್ಲ.

ಹಾಗೆಂದು ಎಲ್ಲ ಕಡಲತೀರವೂ ಒಂದೇ ಅಲ್ಲ. ಬಹು ದೂರದವರೆಗೆ ಮೊಣಕಾಲುದ್ದ ನೀರಿರುವ ಚಪ್ಪಟೆಯಾದ ದಂಡೆಯಲ್ಲಿ ಹಗುರ ರಾಡು ಸೋಲುತ್ತದೆ. ಕಡಿದಾಗಿ ಇಳಿಯುವ ದಂಡೆ, ದಡದ ಪಕ್ಕದಲ್ಲೇ ಕಾಲುವೆ ಇರುವ ದಂಡೆ, ಹಳ್ಳವೋ ನದಿಯೋ ಬಂದು ಸೇರುವ ಅಂಚು ಇವನ್ನು ಹುಡುಕಿ. ಹುಡುಕುವ ಕೆಲಸಕ್ಕೆ ಪೂರ್ತಿ ಇಳಿತದ ಹೊತ್ತು ಒಳ್ಳೆಯದು. ಆಗ ಬರಿಗೈಯಲ್ಲಿ ನಡೆಯಿರಿ. ಎತ್ತರದ ಜಾಗವೊಂದು ಸಿಕ್ಕರೆ ಅಲ್ಲಿಂದ ನೋಡಿ. ಬೆಳಕಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಇದ್ದರೆ ತಳದ ಬಣ್ಣ ಇನ್ನೂ ಸ್ಪಷ್ಟ. ನೊರೆಯೆದ್ದ ಬಿಳಿ ಪಟ್ಟಿ ಎಂದರೆ ಆಳ ಕಡಿಮೆ. ಅಲೆ ಒಡೆಯದೆ ಸುಮ್ಮನೆ ಹಾದುಹೋಗುವ ಕಡು ಬಣ್ಣದ ನೀರು ಎಂದರೆ ಆಳ. ದಿಬ್ಬದ ಸಾಲಿನಲ್ಲಿ ಎಲ್ಲಾದರೂ ಅಲೆ ಒಡೆಯದ ಕಿಂಡಿ ಕಂಡರೆ, ಅಲ್ಲಿಂದ ನೊರೆಯೂ ಕಸವೂ ಕಡಲಿನತ್ತ ಸಾಗುತ್ತಿದ್ದರೆ, ಅದು ನೀರು ಹಿಂದಿರುಗುವ ಸೆಳೆತ. ಅದರ ಎರಡು ಅಂಚುಗಳು ಮೀನಿಗೆ ಪ್ರಿಯ, ಏಕೆಂದರೆ ಆಹಾರ ಅಲ್ಲಿಂದಲೇ ಕೊಚ್ಚಿಕೊಂಡು ಹೋಗುತ್ತದೆ. ಗಾಳ ಅದರ ಅಂಚಿಗೆ ಹೋಗಲಿ, ನಿಮ್ಮ ಕಾಲು ಹೋಗುವುದು ಬೇಡ. ಒಂದು ಬಿರುಗಾಳಿ ಬಂದುಹೋದರೆ ಈ ದಿಬ್ಬ, ಕಿಂಡಿಗಳೆಲ್ಲ ಜಾಗ ಬದಲಿಸಿರುತ್ತವೆ. ನಿಮ್ಮ ಹಳೆಯ ನೆನಪಿನ ಜಾಗಗಳನ್ನು ನಂಬಬೇಡಿ, ಹೊಸದಾಗಿ ನೋಡಿ.

ಹೊತ್ತಿನ ವಿಷಯ. ಎರಡು ಉಬ್ಬರಗಳ ನಡುವೆ ಹೆಚ್ಚಿನ ತೀರಗಳಲ್ಲಿ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಸಮಯ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ನೀರು ಏರುತ್ತಿರುವ ಕೊನೆಯ ಎರಡು ಗಂಟೆ ಮತ್ತು ಇಳಿಯತೊಡಗಿದ ಮೊದಲ ಒಂದು ಗಂಟೆ ನನಗೆ ಇಷ್ಟ, ಏಕೆಂದರೆ ದಡದ ಕಾಲುವೆ ಆಗ ತುಂಬಿರುತ್ತದೆ. ಆ ಅವಧಿ ಬೆಳಗಿನ ಅಥವಾ ಸಂಜೆಯ ಮಬ್ಬಿಗೆ ಕೂಡಿಬಂದರೆ ಬೇರೆ ಕೆಲಸ ಬಿಟ್ಟಾದರೂ ಹೋಗಬೇಕು. ಬೆಳಕು ಕಡಿಮೆಯಾದಾಗ ಮೀನು ಆಳವಿಲ್ಲದ ನೀರಿಗೆ ಬರಲು ಅಂಜುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಜೋರು. ಹಗುರ ಸೀಸ ಹಿಡಿದು ಹೊಸದಾಗಿ ತೊಡಗುವವರಿಗೆ ಅಷ್ಟಮಿಯ ಸುತ್ತಿನ ಸೌಮ್ಯ ಉಬ್ಬರವೇ ಅನುಕೂಲ. ಅಲೆ ಎದೆಯೆತ್ತರ ಏಳುತ್ತಿದ್ದರೆ ಹಗುರ ರಾಡಿಗೆ ಅಂದು ರಜೆ ಎಂದು ತಿಳಿಯಿರಿ.

ಈಗ ಸಲಕರಣೆ. 9 ಅಡಿಯ, ಅಂದರೆ ಸುಮಾರು 2.7 ಮೀಟರಿನ ರಾಡು, ಎಸೆಯುವ ಭಾರ 10ರಿಂದ 40 ಗ್ರಾಂ ಎಂದು ಬರೆದಿರುವುದು. 8 ಅಡಿಗಿಂತ ಗಿಡ್ಡದಾದರೆ ದಾರವನ್ನು ದಡದ ನೊರೆಯ ಮೇಲೆ ಎತ್ತಿ ಹಿಡಿಯಲು ಆಗುವುದಿಲ್ಲ. 10 ಅಡಿ ಮೀರಿದರೆ ನೀವು ಬಿಟ್ಟುಬಂದ ಭಾರದ ಕಡೆಗೇ ಮತ್ತೆ ಹೊರಟಂತೆ. 3000 ಅಥವಾ 4000 ಎಂದು ಗಾತ್ರ ಬರೆದಿರುವ ಸ್ಪಿನ್ನಿಂಗ್ ರೀಲು ಸಾಕು.

ನೀವು ಬಿಟ್ಟ ಕಾಲಕ್ಕೂ ಈಗಕ್ಕೂ ನಿಮ್ಮ ಕೈಗೆ ತಿಳಿಯುವ ನಿಜವಾದ ವ್ಯತ್ಯಾಸ ರಾಡಿಗಿಂತ ದಾರದಲ್ಲಿದೆ. ಹಿಂದೆ ನೈಲಾನ್ ಬಳಸಿದ್ದರೆ ಈಗ ಹೆಣೆದ ದಾರ, ಅಂದರೆ ಬ್ರೇಡ್ ಹಾಕಿಕೊಳ್ಳಿ. 10ರಿಂದ 15 ಪೌಂಡು ಎಳೆತ ತಡೆಯುವಂಥದು. ಅಷ್ಟೇ ಬಲದ ನೈಲಾನಿಗಿಂತ ಇದು ತುಂಬಾ ತೆಳ್ಳಗಿರುವುದರಿಂದ 20 ಗ್ರಾಂ ಭಾರವೂ ಸಲೀಸಾಗಿ ಹಾರುತ್ತದೆ, ಅಲೆಯೂ ಸೆಳೆತವೂ ದಾರವನ್ನು ಕಡಿಮೆ ಎಳೆಯುತ್ತವೆ. ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಸೀಸ ಮರಳಿನ ಮೇಲೆ ಉರುಳುವುದು, ಚಿಪ್ಪಿಗೆ ತಾಗುವುದು, ಮೀನು ಎರೆಯನ್ನು ಮೂಸಿ ಬಿಡುವುದು ಎಲ್ಲವೂ ಬೆರಳಿಗೆ ಬರುತ್ತದೆ.

ಆದರೆ ಬ್ರೇಡ್ ಮರಳಿನ ಉಜ್ಜಾಟ ತಡೆಯದು. ತುದಿಯಲ್ಲಿ ರಾಡಿನ ಉದ್ದಕ್ಕಿಂತ ತುಸು ಹೆಚ್ಚು ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್, ಅಂದರೆ ಉಜ್ಜಾಟ ತಾಳುವ ದಪ್ಪ ದಾರದ ತುಂಡು, ಸೇರಿಸಬೇಕು. ಎಸೆಯುವ ಪ್ರತಿ 28 ಗ್ರಾಂ ಭಾರಕ್ಕೆ 10 ಪೌಂಡ್ ಲೀಡರ್ ಎಂಬ ಹಳೆಯ ಲೆಕ್ಕ ನಿಮಗೆ ನೆನಪಿರಬಹುದು. 150 ಗ್ರಾಮಿಗೆ ಅದು 50 ಪೌಂಡ್ ದಾಟುತ್ತಿತ್ತು. ಈಗ 20 ಪೌಂಡಿನದು ಧಾರಾಳವಾಯಿತು. ಎರಡನ್ನೂ ಕೂಡಿಸಲು ಡಬಲ್ ಯೂನಿ ಗಂಟು ಸುಲಭ. ಎಫ್‌ಜಿ ಗಂಟು ಸಣ್ಣದು, ರಾಡಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ನುಣ್ಣಗೆ ಹಾಯುತ್ತದೆ, ಆದರೆ ಗಾಳಿಯಲ್ಲಿ ನಿಂತು ಕಟ್ಟಲು ತಾಳ್ಮೆ ಬೇಕು. ಮನೆಯಲ್ಲೇ ಕಟ್ಟಿಕೊಂಡು ಹೋಗಿ. ಎಸೆದ ಮೇಲೆ ರೀಲಿನಲ್ಲಿ ದಾರವನ್ನು ಹಿಡಿಯುವ ತಂತಿಯ ಕಮಾನನ್ನು ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿಯಾಗಿ ಎಳೆದು ಆಮೇಲೆ ಸುತ್ತಿ. ಈ ಒಂದು ಅಭ್ಯಾಸದಿಂದ ಬ್ರೇಡಿನ ಸಿಕ್ಕುಗಳಲ್ಲಿ ಬಹುಪಾಲು ತಪ್ಪುತ್ತವೆ.

ನಿಮ್ಮ ಹಳೆಯ ರೀಲಿನ ಬಗ್ಗೆ: ಅದು 150 ಗ್ರಾಂ ಎಸೆಯಲು ಕೊಂಡದ್ದಾದರೆ ದೊಡ್ಡ ಗಾತ್ರದ್ದಿರುತ್ತದೆ, 9 ಅಡಿಯ ರಾಡಿಗೆ ಕೂರಿಸಿದರೆ ಮಣಿಕಟ್ಟು ದಣಿಯುತ್ತದೆ. ಭುಜ ಉಳಿಸಿಕೊಳ್ಳಲು ಹೊರಟವರು ಮಣಿಕಟ್ಟನ್ನು ಬಲಿ ಕೊಡುವುದು ಏಕೆ? ಸಣ್ಣ ರೀಲೇ ಆಗಿದ್ದರೆ ಬಳಸಬಹುದು, ಆದರೆ ಬಿಚ್ಚಿ ನೋಡಿದ ಮೇಲೆ. ವರ್ಷಗಟ್ಟಲೆ ಸುಮ್ಮನಿದ್ದ ಗ್ರೀಸ್ ಗಟ್ಟಿಯಾಗಿರುತ್ತದೆ, ಡ್ರ್ಯಾಗಿನ, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಡುವ ರೀಲಿನ ಬಿಗಿತದ, ಬಿಲ್ಲೆಗಳು ಅಂಟಿಕೊಂಡಿರುತ್ತವೆ. ಡ್ರ್ಯಾಗ್ ಜಗ್ಗಿದಾಗ ಗಕ್ಕೆಂದು ತಡೆದು ಆಮೇಲೆ ಬಿಡುವಂತಿದ್ದರೆ ತೆಳು ದಾರ ಆ ಗಳಿಗೆಯಲ್ಲೇ ಹರಿಯುತ್ತದೆ. ದಾರ ಹಾಯುವ ಉರುಳೆ ತಿರುಗುತ್ತಿದೆಯೇ, ಅದರ ಮೇಲೆ ಗೀರು ಬಿದ್ದಿದೆಯೇ ನೋಡಿ. ರಾಡಿನ ಬಳೆಗಳೊಳಗೆ ಹತ್ತಿಯನ್ನು ಹಾಯಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಹಳೆಯ ನೈಲಾನ್ ದಾರವನ್ನು ಮಾತ್ರ ಯಾವ ಮಮಕಾರವೂ ಇಲ್ಲದೆ ಕತ್ತರಿಸಿ ಬಿಸಾಡಿ, ಆದರೆ ದಂಡೆಯ ಮೇಲಲ್ಲ. ಬ್ರೇಡನ್ನು ದಾರ ಸುತ್ತುವ ಬರಿಯ ಸ್ಪೂಲಿಗೆ ಕಟ್ಟಿದರೆ ಇಡೀ ಸುರುಳಿ ಜಾರುತ್ತದೆ, ಅಡಿಯಲ್ಲಿ ಕೆಲವು ಸುತ್ತು ನೈಲಾನ್ ಇರಲಿ.

ಗಾಳ ಕಟ್ಟುವ ವಿಧಾನ ಸರಳವಾದಷ್ಟೂ ಒಳ್ಳೆಯದು. ಲೀಡರಿಗೆ ತೂತುಳ್ಳ ಸೀಸದ ಗುಂಡು, 15ರಿಂದ 30 ಗ್ರಾಂ. ಅದರ ಕೆಳಗೆ ಒಂದು ಮಣಿ, ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಆಮೇಲೆ ಅರ್ಧ ಮೀಟರು ಫ್ಲೋರೋಕಾರ್ಬನ್, ತುದಿಗೆ ಸಣ್ಣ ಕೊಕ್ಕೆ. ದೊಡ್ಡ ಮೀನು ಸಣ್ಣ ಕೊಕ್ಕೆಗೆ ಬೀಳುತ್ತದೆ, ಸಣ್ಣ ಮೀನು ದೊಡ್ಡ ಕೊಕ್ಕೆಗೆ ಬೀಳುವುದಿಲ್ಲ. ಭಾರದ ರಾಡಿನಲ್ಲಿ ಸೀಸ ಅಲುಗದಂತೆ ತಂತಿಯ ಉಗುರುಗಳಿರುವುದನ್ನು ಹಾಕಿ, ರಾಡನ್ನು ಊರುಗೋಲಿಗೆ ಒರಗಿಸಿ ಕುಳಿತುಬಿಡುತ್ತಿದ್ದೆವು. ಆ ಅಭ್ಯಾಸವನ್ನು ಬಿಡಲೇಬೇಕು. ಇಲ್ಲಿ ಸೀಸ ಉರುಳಲಿ. ಸೆಳೆತ ಬರುವ ದಿಕ್ಕಿಗೆ ಓರೆಯಾಗಿ ಎಸೆಯಿರಿ, ರಾಡು ಕೈಯಲ್ಲೇ ಇರಲಿ, ನೀರು ಎರೆಯನ್ನು ಕಾಲುವೆಯ ಉದ್ದಕ್ಕೂ ಒಯ್ಯುತ್ತಿರುವಾಗ ದಡದ ಮೇಲೆ ನೀವೂ ಜೊತೆಗೆ ನಡೆಯಿರಿ. ಸೀಸ ಒಂದು ಕಡೆ ಇಳಿದು ನಿಂತರೆ ಅಲ್ಲೊಂದು ಹೊಂಡವಿದೆ ಎಂದರ್ಥ. ಸ್ವಲ್ಪ ಹೊತ್ತು ಅಲ್ಲೇ ಬಿಡಿ. ಎಸೆದ ಗಾಳವನ್ನು ಪೂರ್ತಿ ದಡದವರೆಗೂ ನಿಧಾನವಾಗಿ ತನ್ನಿ. ಕೊನೆಯ ಹತ್ತು ಮೀಟರನ್ನು ಗಡಿಬಿಡಿಯಲ್ಲಿ ಸುತ್ತಿಬಿಡುವವರೇ ಹೆಚ್ಚು, ಒಳ್ಳೆಯ ಕಚ್ಚು ಬರುವುದು ಅಲ್ಲೇ.

ಎರೆ ಆ ದಂಡೆಯದೇ ಆಗಿದ್ದರೆ ಬೇರೆ ಯೋಚನೆ ಬೇಡ. ಅಲೆ ಹಿಂದಿರುಗುವಾಗ ಒದ್ದೆ ಮರಳಿನ ಮೇಲೆ ಬಾಣದ ತಲೆಯಂಥ ಸಣ್ಣ ಗುರುತುಗಳು ಸಾಲಾಗಿ ಮೂಡಿದರೆ ಅಲ್ಲಿ ಮೊಟ್ಟೆಯಾಕಾರದ ಪುಟ್ಟ ಏಡಿಗಳು ಹುದುಗಿವೆ; ಎರಡು ಕೈಗಳಿಂದ ಬಗೆದರೆ ಸಿಗುತ್ತವೆ. ಇಲ್ಲವಾದರೆ ಹುಳು, ಸಿಗಡಿಯ ತುಂಡು. ತುಂಡು ಚಿಕ್ಕದಿರಲಿ, ಕೊಕ್ಕೆಯ ಮೊನೆ ಹೊರಗಿರಲಿ. ಎರೆಯ ವಾಸನೆ ಬೇಡವೆನ್ನುವವರಿಗೆ 20 ಗ್ರಾಮಿನ ಲೋಹದ ತುಂಡು ಅಥವಾ 10 ಗ್ರಾಂ ಜಿಗ್ ತಲೆಯ (ಕೊಕ್ಕೆಗೇ ಸೀಸ ಸೇರಿರುವ) ಮೆತ್ತನೆಯ ಕೃತಕ ಮೀನು ಇದೇ ರಾಡಿನಲ್ಲಿ ನಡೆಯುತ್ತದೆ. ನಾನು ಎರೆಯ ಪಕ್ಷ.

ಮೀನು ಬಿದ್ದ ಮೇಲೆ ಹಳೆಯ ತೋಳ್ಬಲ ತೋರಿಸಬೇಡಿ. ಡ್ರ್ಯಾಗ್ ದಾರದ ಬಲದ ಕಾಲು ಭಾಗಕ್ಕಿರಲಿ. 12 ಪೌಂಡಿನ ದಾರಕ್ಕೆ ಸುಮಾರು 1.4 ಕಿಲೋ. ಕೈ ಅಂದಾಜು ಬೇಡ, ತೂಗುವ ಕೊಕ್ಕೆಗೆ ದಾರ ಕಟ್ಟಿ ಒಮ್ಮೆ ಎಳೆದು ನೋಡಿ. ಮೀನು ದಡ ಮುಟ್ಟುವ ಹೊತ್ತಿನಲ್ಲಿ ಅಲೆಯ ಲಯ ಗಮನಿಸಿ: ಅಲೆ ಒಳಬರುವಾಗ ಸುತ್ತುತ್ತಾ ಹಿಂದಕ್ಕೆ ನಡೆಯಿರಿ, ನೀರು ಹಿಂದಿರುಗುವಾಗ ಎಳೆಯದೆ ಮೀನನ್ನು ಹೋಗಗೊಡಿ, ಮುಂದಿನ ಅಲೆ ಅದನ್ನು ತಾನೇ ತಂದು ಮರಳ ಮೇಲೆ ಹಾಕುತ್ತದೆ. ಬಿಟ್ಟುಬಿಡುವುದಾದರೆ ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಅಮುಕಿರಿ, ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣ ಮರಳಿನ ಮೇಲೆ ಹೊರಳಿಸಬೇಡಿ; ಮೈಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ತಗಲುತ್ತದೆ. ಯಾವ ಮೀನನ್ನು ಎಷ್ಟು ಅಳತೆಯಲ್ಲಿ ಇಟ್ಟುಕೊಳ್ಳಬಹುದು ಎಂಬ ನಿಯಮ ನಿಮ್ಮ ತೀರಕ್ಕೆ ಏನಿದೆ ಎಂದು ಮೊದಲೇ ತಿಳಿದುಕೊಳ್ಳಿ.

ಅಪಾಯಗಳು ನಿಮಗೆ ಹೊಸದಲ್ಲ, ಆದರೆ ವರ್ಷಗಳ ನಂತರ ಮೈ ಮರೆತಿರುತ್ತದೆ. ಕಡಲಿಗೆ ಬೆನ್ನು ಕೊಡಬೇಡಿ. ಗುಡುಗು ಕೇಳಿದೊಡನೆ ರಾಡು ಕೆಳಗಿಟ್ಟು ಹೊರಡಿ, ಕಾರ್ಬನ್ ರಾಡು ವಿದ್ಯುತ್ತನ್ನು ಒಯ್ಯುತ್ತದೆ. ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದ ಎಳೆಯುತ್ತ ನಡೆದರೆ ಮರಳಲ್ಲಿ ಮಲಗಿದ, ಬಾಲದ ಮುಳ್ಳಿನಿಂದ ಚುಚ್ಚುವ ತೊರಕೆ ಮೀನು ತಾನೇ ಸರಿದು ಹೋಗುತ್ತದೆ. ಕಡಲ ಶೇಡೆಯಂಥ ಮೀಸೆಯ ಮೀನಿನ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷವಿರುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ ಅದ್ದಿಡಿ, ವೈದ್ಯರಿಗೆ ತೋರಿಸಿ.

ನಿಮ್ಮ ಭುಜದ ಮಾತು ಕೊನೆಗೆ. ಹಗುರ ರಾಡನ್ನು ತಲೆಯ ಮೇಲಿಂದ ಬೀಸಿ ಹೊಡೆಯುವ ಅಗತ್ಯವಿಲ್ಲ. ಸೀಸವನ್ನು ರಾಡಿನ ತುದಿಯಿಂದ ಒಂದು ಮೀಟರು ಇಳಿಬಿಟ್ಟು, ಮೇಲಿನ ಕೈ ತಳ್ಳುತ್ತಿರುವಾಗಲೇ ಕೆಳಗಿನ ಕೈಯನ್ನು ಎದೆಯ ಕಡೆಗೆ ಎಳೆದುಕೊಳ್ಳಿ. ಮೊಣಕೈ ಭುಜದ ಎತ್ತರ ದಾಟದಿರಲಿ. ಈ ತಳ್ಳು-ಎಳೆತದಲ್ಲಿ ರಾಡು ತಾನೇ ಬಾಗಿ 40 ಮೀಟರು ಎಸೆಯುತ್ತದೆ, ಕಾಲುವೆಗೆ ಅದು ಬೇಕಾದಷ್ಟಾಯಿತು. ಆದರೂ ನೋವು ಮರುಕಳಿಸಿದರೆ 20 ಗ್ರಾಮಿಗಿಂತ ಮೇಲೆ ಹೋಗಬೇಡಿ, ವೈದ್ಯರನ್ನೂ ಒಂದು ಮಾತು ಕೇಳಿ.

ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿಮಾಡಿ ರಾಡು, ರೀಲುಗಳ ಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿಯಿರಿ. ಪೈಪಿನ ಜೋರು ಧಾರೆ ಉಪ್ಪನ್ನು ತೊಳೆಯುವ ಬದಲು ಒಳಕ್ಕೆ ನುಗ್ಗಿಸುತ್ತದೆ. ಒರೆಸಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಎತ್ತಿಡಿ.