"ಮೇಡಂ, ಇದರಲ್ಲಿ ಯಾರಿದ್ದಾರೆ?"

ಮಕ್ಕಳ ಓದಿನ ತೊಂದರೆ ನೋಡುವ ನನ್ನ ಹತ್ತಿರ, ಕತೆ ಓದ್ತಾನೆ ಆದರೆ ಪಾಠ ಅರ್ಥವಾಗಲ್ಲ ಎಂಬ ದೂರು ಹೊತ್ತು ಈ ವರ್ಷ ಬಂದವರಲ್ಲಿ ಈ ಹುಡುಗನ ತಾಯಿ ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಹುಡುಗ ಐದನೇ ಕ್ಲಾಸು, ಮೂಡಿಗೆರೆ ಕಡೆಯವನು. ಅಪ್ಪ ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್. "ಕತೆ ಕೊಟ್ರೆ ಗಟಗಟ ಓದ್ತಾನೆ ಮೇಡಂ. ಪರಿಸರ ಪಾಠ ಎಷ್ಟು ಸಲ ಓದಿಸಿದ್ರೂ ಏನೂ ಹೇಳಲ್ಲ. ತಲೆಗೇ ಹತ್ತಲ್ಲ" ಎಂದರು ತಾಯಿ. ಮಗನ ಎದುರಿಗೇ.

ಓದಿಸಿ ನೋಡಿದೆ. ಒತ್ತಕ್ಷರವೂ ಸಲೀಸು. ಅಕ್ಷರ ಕೂಡಿಸಲು ಒದ್ದಾಡುವ ಮಕ್ಕಳಾದರೆ ತಪಾಸಣೆಗೆ ಕಳಿಸುತ್ತೇನೆ. ಇವನ ತೊಂದರೆ ಅದಲ್ಲ.

ಎರಡನೇ ಭೇಟಿಗೆ ಕಾಫಿ ಬೆಳೆಯ ಬಗ್ಗೆ ಅರ್ಧ ಪುಟ ನಾನೇ ಬರೆದಿಟ್ಟಿದ್ದೆ. ಓದಿ ಮುಗಿಸಿದ. ಏನಿದೆ ಇದರಲ್ಲಿ ಎಂದೆ. ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸುತ್ತಾ ಇನ್ನೊಮ್ಮೆ ಹುಡುಕಿದ. ಆಮೇಲೆ ಕೇಳಿದ: "ಮೇಡಂ, ಇದರಲ್ಲಿ ಯಾರಿದ್ದಾರೆ?"

ಕತೆಯಲ್ಲಿ ಒಬ್ಬ ರಾಜನೋ ಒಂದು ನರಿಯೋ ಇರುತ್ತೆ. ಅದರ ಹಿಂದೆ ಹೋದರೆ ಆಯಿತು. ಇಲ್ಲಿ ಯಾವುದರ ಹಿಂದೆ ಹೋಗಬೇಕು ಅಂತ ಇವನಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ.

"ಯಾರೂ ಇಲ್ಲ ಕಣೋ, ಒಂದು ವಿಷಯ ಇದೆ" ಎಂದು ಹಾಳೆ ಮಗುಚಿಟ್ಟೆ. ಕಾಫಿ ಹೂವಿನ ಬಗ್ಗೆ ನಿಂಗೊತ್ತಿರೋದು ಹೇಳು ಎಂದೆ. ಮಾತು ಹೊರಟಿತು. ಮೊಗ್ಗು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತಂತೆ. ಅವತ್ತು ಮತ್ತೆ ಮಳೆ ಬಂದರೆ ಅಪ್ಪ ಬೈತಾ ಕೂರ್ತಾರಂತೆ. "ಯಾಕೆ ಬೈತಾರೆ?" ಗೊತ್ತಿಲ್ಲ. "ಹಾಗಾದ್ರೆ ಹಾಳೇಲಿ ಹುಡುಕು."

ಈ ಸಲ ನಿಧಾನವಾಗಿ ಓದಿದ. ಮೊದಲು ಸುಮ್ನೆ ದಾಟಿ ಹೋಗಿದ್ದ 'ಪರಾಗಸ್ಪರ್ಶ'ದ ಹತ್ತಿರ ನಿಂತ. ಏನದು ಎಂದ. ಹೂವಿನ ಪುಡಿ, ಅಂದರೆ ಪರಾಗ, ಹೂವಿಂದ ಹೂವಿಗೆ ತಲುಪೋದು ಎಂದೆ. ಮುಂದಿನ ಸಾಲು: ರೊಬಸ್ಟಾ ಜಾತಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಅರಳಿದ ಹೂ ಮಳೆಗೆ ನೆನೆದರೆ ಕಾಯಿ ಕಡಿಮೆ ಕಟ್ಟುತ್ತದೆ. ತಲೆ ಎತ್ತಿದ. "ಓ, ಅದಕ್ಕೇ ಬೈಯೋದು!"

ತಾಯಿಗೆ ಹೇಳಿದ್ದು ಇಷ್ಟು. ಒಂದು ತಿಂಗಳು ಗೈಡ್ ಎತ್ತಿಡಿ. ಓದುವ ಮುಂಚೆ ತಲೆಬರಹ, ಚಿತ್ರ, ಚಿತ್ರದ ಕೆಳಗಿನ ಸಾಲು ನೋಡಲಿ. ತನಗೆ ತಿಳಿಯಬೇಕಾದ ಒಂದು ಪ್ರಶ್ನೆ ತಾನೇ ಬರೆಯಲಿ. ಒಂದೊಂದು ಪ್ಯಾರಾ ಆದ ಮೇಲೆ ಪುಸ್ತಕ ಮುಚ್ಚಿ ತನ್ನ ಮಾತಲ್ಲಿ ಹೇಳಲಿ, ಅಪ್ಪನಿಗೆ ಹೇಳಿದರೆ ಇನ್ನೂ ಒಳ್ಳೆಯದು. ಅವನೆದುರು 'ತಲೆಗೆ ಹತ್ತಲ್ಲ' ಅನ್ನೋದು ಇವತ್ತಿಗೇ ನಿಲ್ಲಲಿ.

ಅವನ ಟೀಚರ್ ಫೋನ್ ಮಾಡಿದರು. ಸಿಲಬಸ್ ಮುಗೀಬೇಕಲ್ಲ, ಪಾಠವನ್ನೇ ಕತೆ ಮಾಡಿ ಹೇಳಿದರೆ ಆಗಲ್ವಾ ಅಂತ. ಅವರ ಕಷ್ಟ ನನಗೆ ಗೊತ್ತು. ಆದರೂ ಒಪ್ಪಲಿಲ್ಲ. ಕತೆ ಮಾಡಿ ಹೇಳಿದರೆ ಕತೆ ನೆನಪಿರುತ್ತೆ, ಓದೋದು ಬರಲ್ಲ. ಮುಂದೆ ಹೈಸ್ಕೂಲಿನ ವಿಜ್ಞಾನ, ಔಷಧದ ಡಬ್ಬಿ, ಬ್ಯಾಂಕಿನ ಫಾರಂ ಇವನ್ನೆಲ್ಲ ಅವನಿಗೆ ಯಾರು ಕತೆ ಮಾಡಿಕೊಡ್ತಾರೆ?

ಕಳೆದ ವಾರ ತಾಯಿ ಬಂದಿದ್ದರು. ಟೆಸ್ಟಿನಲ್ಲಿ 25ಕ್ಕೆ 11, ಇಷ್ಟೇನಾ ಅಂತ ಬೇಜಾರು. ಇನ್ನೂ ಎರಡು ತಿಂಗಳು ಕೊಡಿ ಎಂದೆ. ನೋಟ್‌ಬುಕ್ ತೆರೆದು ನೋಡಿದರೆ, ಹೇಮಾವತಿ ನದಿಯ ಪುಟದ ತಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ: "ನಮ್ಮ ಮೂಡಿಗೆರೇಲಿ ಹುಟ್ಟೋ ಹೊಳೆಗೆ ಗೊರೂರಲ್ಲಿ ಯಾಕೆ ಡ್ಯಾಂ ಕಟ್ಟಿದರು?"